ಉಡಚವ್ವನ ಅರ್ಜಿ

ಉಡಚವ್ವನಿಗೆ ಅಳುವುದು ಬರುತ್ತಿತ್ತು. ಅಳುವುದು ಯಾರಿಗೆ ಬರುವುದಿಲ್ಲ ಎಂದು ಕೇಳುವವರು ಹುಬ್ಬಳ್ಳಿಯ ಹೊಂಡದ ಕೇರಿಯಲ್ಲಿ ಒಂದು ಸಾವನ್ನೂ ನೋಡಿದವರಲ್ಲ. ಹೆಣದ ತಲೆದೆಸೆಗೆ ಕೂತು, ಸತ್ತವರ ಗುಣವನ್ನೂ ಉಳಿದವರ ಗತಿಯನ್ನೂ ಹಾಡಾಗಿ ಕಟ್ಟಿ ಹಾಡ್ಯಾಡಿ ಅಳುವುದು ಒಂದು ವಿದ್ಯೆ. ಆ ವಿದ್ಯೆಯಲ್ಲಿ ಆಕೆಯನ್ನು ಮೀರಿಸುವವರು ಸುತ್ತಿನ ನಾಲ್ಕು ಕೇರಿಗಳಲ್ಲಿ ಇರಲಿಲ್ಲ. ಕುಡಿದು ಬಂದು ದಿನಾ ಹೆಂಡತಿಯನ್ನು ಬಡಿಯುತ್ತಿದ್ದವನನ್ನೂ ಆಕೆ ಐದು ಮಿನಿಟಿನಲ್ಲಿ ಧರ್ಮರಾಯನನ್ನಾಗಿ ಮಾಡುತ್ತಿದ್ದಳು. ಬಡಿಸಿಕೊಂಡ ಹೆಂಡತಿಯೇ ಅದನ್ನು ನಂಬಿ ಹೊರಳಾಡಿ ಅಳುತ್ತಿದ್ದಳು. "ಈ ಮನ್ಯಾಗ ನಾ ಹೆಂಗ ಇರ್ಲಿ, ನನ್ನೂ ಕರಕೊಂಡು ಹೋಗ" ಎಂಬ ಸೊಲ್ಲು ಪ್ರತಿ ಅಳುವಿನಲ್ಲೂ ಇರುತ್ತಿತ್ತು. ಯಾವ ಹೆಣವೂ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡು ಎದ್ದು ಬಂದು ಯಾರನ್ನೂ ಕರೆದೊಯ್ದದ್ದಿಲ್ಲ.

ಸಾವಿಲ್ಲದ ದಿನ ಆಕೆ ದಲಾಲಿ ಅಂಗಡಿಗಳಲ್ಲಿ ಕಾಳು ಹಸನು ಮಾಡುತ್ತಿದ್ದಳು. ಗಂಡ ತೀರಿ ಹತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಪಕ್ಕದ ಮನೆಯ ಫಕೀರವ್ವ ಆಕೆಯನ್ನು ಅತ್ತಿ ಎನ್ನುತ್ತಿದ್ದಳು. ಫಕೀರವ್ವನ ಇಬ್ಬರು ಮಕ್ಕಳಲ್ಲಿ ದೊಡ್ಡವಳಾದ ನಾಲ್ಕು ವರ್ಷದ ಸಾವಕ್ಕ ಉಣ್ಣುತ್ತಿದ್ದದ್ದು ತಾಯಿಯ ಮನೆಯಲ್ಲಾದರೆ ಮಲಗುತ್ತಿದ್ದದ್ದು ಉಡಚವ್ವನ ಸೆರಗಿನಲ್ಲಿ.

ಕೇರಿಯಲ್ಲಿ ಅರವತ್ತಮೂರು ಮನೆ, ನಡುವೆ ಒಂದು ಬಾವಿ. ಊರ ಬಾವಿಗೆ ಕೊಡ ಇಳಿಬಿಡುವ ಹಕ್ಕಿಲ್ಲದ ಕಾಲದಲ್ಲಿ ಇವರ ಮುತ್ತಜ್ಜಂದಿರು ಅದನ್ನು ತೋಡಿದ್ದರು. ಈಗ ಊರಿಗೆ ನಳ ಬಂದಿತ್ತು, ಕೇರಿಗೆ ಬಂದಿರಲಿಲ್ಲ. ಬಂದದ್ದು ಬೇರೆ. ಕನ್ನಡದವರೆಲ್ಲ ಒಂದಾದ ವರ್ಷವೇ ಸಾಹುಕಾರ ಗುರುಶಿದ್ದಪ್ಪ ಕೇರಿಯ ಮೇಲುಗಡೆ ನೂಲಿಗೆ ಬಣ್ಣ ಹಾಕುವ ಕಾರಖಾನೆ ತೆಗೆದ. ಅದರ ಗಟಾರ ಇಳಿಜಾರು ಹಿಡಿದು ಕೇರಿಗೆ ಬಂತು, ಕೇರಿಯಿಂದ ಬಾವಿಗೆ ಇಳಿಯಿತು. ಮೊದಲ ವರ್ಷ ನೀರು ಒಂದು ದಿನ ಕೆಂಪು, ಒಂದು ದಿನ ಹಸಿರು. ಎರಡನೆಯ ವರ್ಷ ಯಾವ ಬಣ್ಣವೆಂದು ಹೇಳುವುದೇ ಕಷ್ಟವಾಯಿತು. ಅರಿವೆಯಲ್ಲಿ ಸೋಸಿದರು, ಕಾಸಿದರು, ಅದನ್ನೇ ಕುಡಿದರು. ಐವತ್ತೆಂಟರ ಮಳೆಗಾಲದಲ್ಲಿ ವಾಂತಿ ಭೇದಿ ಹತ್ತಿ ನಾಲ್ಕು ಮಕ್ಕಳು ಹೋದವು. ಮೂರನೆಯದು ಸಾವಕ್ಕ.

ಆ ದಿನ ಉಡಚವ್ವನಿಗೆ ಹಾಡು ಬರಲಿಲ್ಲ. ಕೇರಿಯ ಹೆಂಗಸರೆಲ್ಲ ಕಾಯ್ದರು. ಆಕೆ ಬಾಯಿಗೆ ಸೆರಗು ತುರುಕಿಕೊಂಡು ಸುಮ್ಮನೆ ಕೂತಳು. ಮಣ್ಣು ಮಾಡಿ ಬಂದ ಮೇಲೆ, ಗಟಾರವನ್ನು ಬೇರೆ ಕಡೆ ತಿರುಗಿಸುವವರೆಗೆ ತಾನು ಸುಮ್ಮನಿರುವುದಿಲ್ಲ ಎಂದು ಫಕೀರವ್ವನ ತಲೆ ಮುಟ್ಟಿ ಹೇಳಿದಳು. ಹೆಂಗಸು, ಓದುಬರಹ ಗೊತ್ತಿಲ್ಲ, ಕೈಯಲ್ಲಿ ಮೊರ. ಆದರೂ ಹೇಳಿದಳು, ಮತ್ತು ಹೇಳಿದಂತೆ ಹೊರಟಳು.

ಮೊದಲು ಸಾಹುಕಾರನ ಬಳಿ. ಆತ ಮೃದು ಮಾತಿನವ.

"ನೀರಿಗೆ ನಾ ಹೇಳೂದ ಏನೈತೆವಾ? ಇಳಿಜಾರು ಎಲ್ಲಿ ಐತೋ ಅಲ್ಲಿ ಹರೀತಾವ. ನಿಮ್ಮ ಹಿರ್ಯಾರು ತೆಗ್ಗಿನ್ಯಾಗ ಮನಿ ಕಟ್ಟಿದ್ರ ಅದು ನನ್ನ ತಪ್ಪೇನು?"

ಆಮೇಲೆ ಕಚೇರಿ. ಅಲ್ಲಿಯ ಕಾರಕೂನ ಕಾಗದದಿಂದ ಕಣ್ಣೆತ್ತದೆ ಹೇಳಿದ, "ಕಾರಖಾನಿ ಲೈಸನ್ಸು ಬೆಂಗಳೂರಿಂದು. ನಮ್ಮ ಕಡೆ ಏನೂ ಇಲ್ಲ. ಎಮ್ಮೆಲ್ಲೆ ಸಾಹೇಬರನ್ನ ಹಿಡೀರಿ. ಅಸೆಂಬ್ಲ್ಯಾಗ ಪ್ರಶ್ನೆ ಬಂದ್ರ ಮಾತ್ರ ಇದು ಆಗೂ ಕೆಲಸ."

ಎಮ್ಮೆಲ್ಲೆ ಸಾಹೇಬರು ಓಟು ಪಡೆಯುವುದು ಹುಬ್ಬಳ್ಳಿಯಲ್ಲಿ, ಇರುವುದು ಧಾರವಾಡದಲ್ಲಿ. ಹುಬ್ಬಳ್ಳಿಯ ಧೂಳು ಅವರಿಗೆ ಆಗಿಬರುತ್ತಿರಲಿಲ್ಲ. ಉಡಚವ್ವ ಪ್ರತಿ ಸೋಮವಾರ ಕೂಲಿ ಬಿಟ್ಟು, ಬಾವಿಯ ನೀರನ್ನು ಒಂದು ಸೀಸೆಯಲ್ಲಿ ತುಂಬಿಕೊಂಡು, ಬಸ್ಸು ಹತ್ತಿ ಹೋಗುತ್ತಿದ್ದಳು. ಸೀಸೆ ತೋರಿಸಿದರೆ ಮಾತು ಬೇಕಾಗುವುದಿಲ್ಲ ಎಂಬುದು ಆಕೆಯ ಲೆಕ್ಕ. ಆದರೆ ಮೊದಲ ಐದು ಸೋಮವಾರ ಆ ಸೀಸೆಯನ್ನು ನೋಡಿದವರು ಸಾಹೇಬರ ಹೆಂಡತಿ ಅಂಬಾಬಾಯಿ ಮಾತ್ರ.

"ಅದನ್ನ ಗೇಟಿನ ಹೊರಗ ಇಡು. ಹುಡುಗ್ರು ಓಡ್ಯಾಡತಾವ, ಮುಟ್ಟಿ ಗಿಟ್ಟಾವು."

"ನಮ್ಮ ಹುಡುಗ್ರು ಇದನ್ನ ಕುಡೀತಾವ್ರಿ ಅವ್ವಾರ."

ಅಂಬಾಬಾಯಿ ಕೆಟ್ಟವಳಲ್ಲ. ಒಳಗೆ ಹೋಗಿ ಹಿಂದಿನ ದಿನದ ಎರಡು ರೊಟ್ಟಿ ತಂದು ಗೇಟಿನ ಕಂಬದ ಮೇಲೆ ಇಟ್ಟಳು. ಉಡಚವ್ವ ಅವನ್ನು ತೆಗೆದುಕೊಂಡಳು, ಯಾಕೆಂದರೆ ಹಸಿವಾಗಿತ್ತು. ಆಕೆ ಬೀದಿಯ ತಿರುವು ಮುಟ್ಟುವುದರೊಳಗೆ ಗೇಟಿನ ಮುಂದೆ ಕೊಡ ನೀರು ಸುರುವಿದ ಸಪ್ಪಳ ಕೇಳಿತು.

ಆರನೆಯ ಸೋಮವಾರ ಸಾಹೇಬರೇ ಸಿಕ್ಕರು. ಗರಗದ ಖಾದಿಯ ಅಂಗಿ, ಬೆಳ್ಳಗಿನ ಮುಖ. ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿ ಬಹಳ ಮರುಗಿದರು.

"ಬರೇ ಬಾಯಿಮಾತಿಂದ ಆಗೂದಿಲ್ಲ ತಂಗಿ. ಬರಕೊಂಡು ಬರ್ರಿ, ಎಲ್ಲಾರೂ ಹೆಬ್ಬಟ್ಟ ಒತ್ರಿ. ಸದನದಾಗ ಓದಿದ್ರ ಮಂದಿ ಎದಿ ಕರಗಬೇಕು. ನಾ ಪ್ರಶ್ನೆ ಹಾಕತೇನಿ."

ಅವರ ಬರವಣಿಗೆ ನೋಡಿಕೊಳ್ಳುತ್ತಿದ್ದ ಕಮರುದ್ದೀನ ಬಾಗಿಲಿನವರೆಗೆ ಬಂದು, ಅರ್ಜಿಯನ್ನು ಅಧಿವೇಶನಕ್ಕೆ ಒಂದು ತಿಂಗಳು ಮೊದಲು ತಲುಪಿಸಬೇಕು ಎಂದು ತಿಳಿಸಿ ಹೇಳಿದ. ಆ ಮನೆಯಲ್ಲಿ ಆಕೆಯ ಮುಖ ನೋಡಿ ಮಾತಾಡಿದವ ಆತನೊಬ್ಬನೇ.

ಕೇರಿಯಲ್ಲಿ ಮೆಟ್ರಿಕ್ಕು ಪಾಸಾದವ ಅರ್ಜುನಪ್ಪ ಮಾಸ್ತರ. ಸಾಲಿ ಕಲಿಸುತ್ತಿದ್ದ; ಎರಡು ವರ್ಷದ ಹಿಂದೆ ಬೌದ್ಧನಾಗಿದ್ದ; ಮಾತು ಕಡಿಮೆ. ಆತ ಅರ್ಜಿ ಬರೆದು ತಂದು ಬಾವಿಕಟ್ಟೆಯ ಮೇಲೆ ಎಲ್ಲರನ್ನೂ ಕೂರಿಸಿ ಓದಿದ. ಒಟ್ಟು ಐದು ಸಾಲು. ಇಂಥ ಕಾರಖಾನೆಯ ಗಟಾರ ಇಂಥ ಬಾವಿಗೆ ಇಳಿಯುತ್ತಿದೆ. ಇಂಥ ತಿಂಗಳಲ್ಲಿ ನಾಲ್ಕು ಮಕ್ಕಳು ಸತ್ತಿವೆ. ಗಟಾರವನ್ನು ಇನ್ನೂರು ಮಾರು ಪಡುವಣಕ್ಕೆ ತಿರುಗಿಸಿ ಹಳ್ಳಕ್ಕೆ ಬಿಡಬೇಕೆಂದು ವಿನಂತಿ. ಕೆಳಗೆ ಹೆಸರುಗಳು.

ಕೇರಿಗೆ ಇದು ಹಿಡಿಸಲಿಲ್ಲ. ಹಮಾಲಿ ಮಾಡುವ ದುರಗಪ್ಪ ಮುಖ ಸಿಂಡರಿಸಿದ. "ಇಷ್ಟಽ ಏನ್ರಿ ಮಾಸ್ತರ? ಇದರಾಗ ಅಳು ಎಲ್ಲೈತಿ? ಕೂಸು ಅಳದಿದ್ರ ಹಡದಾಕಿನೂ ಹಾಲು ಕೊಡೂದಿಲ್ಲ."

"ನಾಕು ಹೆಣಾ ಬಿದ್ದಾವು. ಹಾಡ್ಯಾಡಿ ಅಳದ ಹೆಣ ದಿಕ್ಕಿಲ್ಲದ್ದು ಅಂತಾರ" ಎಂದಳು ಫಕೀರವ್ವ. "ಅತ್ತೀ, ನೀ ಹೇಳು. ಮಾಸ್ತರು ಬರಕೋತಾರ."

ಅರ್ಜುನಪ್ಪ ಅಡ್ಡ ಬಂದ. "ಸರಕಾರದ ಮುಂದ ಅತ್ತು ತೋರಸಬಾರದು ಅಕ್ಕಾ. ಬೇಕಾದ್ದು ಏನು, ಅದನ್ನಷ್ಟ ಹೇಳಬೇಕು."

"ಸಾಹೇಬರಽ ಹೇಳ್ಯಾರ, ಎದಿ ಕರಗಬೇಕು ಅಂತ" ಎಂದಳು ಉಡಚವ್ವ.

ಸಾವಕ್ಕ ಸತ್ತ ದಿನ ಬಾರದ ಹಾಡು ಆ ದಿನ ಬಂತು. ಬಾವಿಕಟ್ಟೆಯ ಮೇಲೆ ಕೂತು, ಬಾಗಿ ಬಾಗಿ, ಎದೆ ಬಡಿದುಕೊಂಡು ಹೇಳಿದಳು. ಇದು ಮನುಷ್ಯಾರು ಇರೋ ಜಾಗಾ ಅಲ್ಲೋ ನನ್ನಪ್ಪಾ. ಇಲ್ಲಿ ನಾಯಿ ಸೈತ ನಿಲ್ಲೂದಿಲ್ಲ, ಹದ್ದು ಸೈತ ಇಳಿಯೂದಿಲ್ಲ. ಈ ಮಣ್ಣಾಗ ನಾವು ಹೆಂಗ ಇರೂಣು, ಈ ನರಕದಿಂದ ನಮ್ಮನ್ನ ಎತ್ತಿ ಒಯ್ಯೋ, ಎಲ್ಲ್ಯರೆ ಒಯ್ದು ಒಗಿಯೋ. ಹೆಂಗಸರು ಸೊಲ್ಲು ಸೊಲ್ಲಿಗೆ ದನಿಗೂಡಿಸಿದರು. ಗಂಡಸರು ಕಣ್ಣೊರೆಸಿಕೊಂಡರು. ಅರ್ಜುನಪ್ಪ ಆ ಹಾಡನ್ನೆಲ್ಲ ಪುಸ್ತಕದ ಕನ್ನಡಕ್ಕೆ ತಂದು ಎರಡೂವರೆ ಪುಟ ಬರೆದ. ತನ್ನ ಐದು ಸಾಲನ್ನು ಕೊನೆಯಲ್ಲಿ ಒಂದು ಸಾಲಿಗೆ ಇಳಿಸಿದ. ಆತನೂ ಅದೇ ಕೇರಿಯಲ್ಲಿ ಹುಟ್ಟಿದವ. ಎಲ್ಲರ ಎದುರು ಒಬ್ಬನೇ ಕಲ್ಲಿನಂತೆ ಕೂರಲು ಆತನಿಗೂ ಆಗಲಿಲ್ಲ. ಅರವತ್ತಮೂರು ಮನೆಯ ಹೆಬ್ಬೆಟ್ಟು ಬಿತ್ತು. ಮೊದಲನೆಯದು ಉಡಚವ್ವನದು.

ಅಳುವಿನಲ್ಲಿ ಇದ್ದದ್ದನ್ನು ಇದ್ದಷ್ಟೇ ಹೇಳುವ ರೂಢಿ ಇಲ್ಲ. ಇದು ಕೇರಿಗೆ ಗೊತ್ತು, ಹೆಣಕ್ಕೂ ಗೊತ್ತು. ಸರಕಾರಕ್ಕೆ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದು ಅದರ ವಿದ್ಯೆ.

ಸಾಹೇಬರು ಅರ್ಜಿಯನ್ನು ಉಡಚವ್ವನ ಎದುರಿಗೇ ಪೂರ್ತಿ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಬೆಂಗಳೂರಿಗೆ ಬರುವುದಾದರೆ ಗ್ಯಾಲರಿಯಲ್ಲಿ ಕೂರಲು ಪಾಸು ಕೊಡಿಸುತ್ತೇನೆ ಎಂದರು. ಆಕೆ ಗೇಟು ದಾಟಿ ಬರುವಾಗ ನೆಲಕ್ಕೆ ಕಾಲು ತಾಕುತ್ತಿರಲಿಲ್ಲ. ಅದೇ ಸಂಜೆ ಸಾಹುಕಾರ ಗುರುಶಿದ್ದಪ್ಪ ಅದೇ ಮನೆಯಲ್ಲಿ ಕೂತು ಅದೇ ಕಾಗದವನ್ನು ಓದಿ, "ಪಾಪ, ಇಷ್ಟು ಕೇಳಾಕತ್ತಾರ, ಕೊಟ್ಟುಬಿಡ್ರಲ್ಲ" ಎಂದು ಚಹಾ ಕುಡಿದ ಸಂಗತಿ ಕಮರುದ್ದೀನನ ಬಾಯಿಂದ ಹೊರಬಿದ್ದದ್ದು ಎಷ್ಟೋ ವರ್ಷಗಳ ಮೇಲೆ.

ಐವತ್ತೊಂಬತ್ತರ ಚಳಿಗಾಲದ ಅಧಿವೇಶನಕ್ಕೆ ಉಡಚವ್ವ ಮತ್ತು ಅರ್ಜುನಪ್ಪ ರೈಲು ಹತ್ತಿದರು. ಕೇರಿ ಪಟ್ಟಿ ಹಾಕಿ ಟಿಕೀಟು ತೆಗೆಸಿತ್ತು. ಫಕೀರವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದಳು. ಹೊಸದಾಗಿ ಕಟ್ಟಿದ ಆ ಕಲ್ಲಿನ ಮಹಲಿನ ಮುಂದೆ ನಿಂತಾಗ ಉಡಚವ್ವ ಅಷ್ಟು ಮೆಟ್ಟಿಲುಗಳನ್ನು ನೋಡಿ, ಇಲ್ಲಿ ಕೂಡುವವರಿಗೆ ಒಂದು ಗಟಾರ ತಿರುಗಿಸುವುದು ಯಾವ ದೊಡ್ಡ ಮಾತು ಎಂದುಕೊಂಡಳು. ಬಾಗಿಲ ಪೋಲೀಸ ಸೀಸೆ ಕಸಿದುಕೊಂಡು ಮೂಸಿ ನೋಡಿ ನೀರನ್ನು ಹೂವಿನ ಗಿಡದ ಬುಡಕ್ಕೆ ಸುರುವಿದ. ಬರಿ ಸೀಸೆ ಹಿಡಿದುಕೊಂಡು ಆಕೆ ಒಳಗೆ ಹೋದಳು.

ಎರಡು ದಿನ ಗ್ಯಾಲರಿಯಲ್ಲಿ ಕೂತರೂ ಇವರ ಸರದಿ ಬರಲಿಲ್ಲ. ಮೂರನೆಯ ದಿನ ಸಾಹೇಬರು ಎದ್ದರು. ಹುಬ್ಬಳ್ಳಿಯ ಹೊಂಡದ ಕೇರಿಯ ದುಃಸ್ಥಿತಿ ಸರಕಾರದ ಗಮನಕ್ಕೆ ಬಂದಿದೆಯೇ ಎಂದು ಕೇಳಿದರು. ಕೇರಿಯ ಹೆಸರು ಅಷ್ಟು ದೊಡ್ಡ ಸಭೆಯಲ್ಲಿ ಕೇಳಿದ್ದೇ ಉಡಚವ್ವನ ಮೈ ಜುಂ ಎಂದಿತು. ಮಂತ್ರಿಗಳು ಎದ್ದು ಕಾಗದ ನೋಡಿ ಓದಿದರು.

"ಬಂದಿದೆ. ಸದರಿ ಸ್ಥಳವು ಮನುಷ್ಯರ ವಾಸಕ್ಕೆ ಯೋಗ್ಯವಲ್ಲವೆಂದೂ, ತಮ್ಮನ್ನು ಅಲ್ಲಿಂದ ಬೇರೆಡೆಗೆ ಸಾಗಿಸಬೇಕೆಂದೂ ಅಲ್ಲಿಯ ನಿವಾಸಿಗಳೇ ಬರೆದು ಪ್ರಾರ್ಥಿಸಿದ್ದಾರೆ. ಸರಕಾರವು ಅವರ ಪ್ರಾರ್ಥನೆಯನ್ನು ಪೂರ್ಣವಾಗಿ ಅಂಗೀಕರಿಸಿ, ಅರವತ್ತಮೂರು ಕುಟುಂಬಗಳನ್ನೂ ಸ್ಥಳಾಂತರಿಸಲು ಆಜ್ಞೆ ಮಾಡಿದೆ."

ಮೇಜು ಬಡಿದ ಸಪ್ಪಳ ಎದ್ದಿತು. ಹಿಂದಿನ ಸಾಲಿನಿಂದ ಯಾರೋ ಒಬ್ಬ ಸದಸ್ಯರು, ಆ ಕಾರಖಾನೆಯ ಗಟಾರದ ಕತೆ ಏನು ಎಂದು ಕೇಳಿದರು.

"ಜನರೇ ಇಲ್ಲದ ಮೇಲೆ ಗಟಾರದಿಂದ ಯಾರಿಗೆ ಬಾಧೆ?" ಎಂದರು ಮಂತ್ರಿಗಳು. ಸಭೆ ನಕ್ಕಿತು. ಮುಂದಿನ ಪ್ರಶ್ನೆ ಯಾವುದೋ ಸೇತುವೆಯದು.

ಉಡಚವ್ವನೂ ನಕ್ಕಳು, ಎಲ್ಲರೂ ನಕ್ಕದ್ದರಿಂದ ಒಳ್ಳೆಯದೇ ಆಗಿರಬೇಕು ಎಂದು. ತಿರುಗಿ ನೋಡಿದರೆ ಅರ್ಜುನಪ್ಪನ ಮುಖದಲ್ಲಿ ರಕ್ತವಿರಲಿಲ್ಲ. ಆತ ಆಕೆಯನ್ನು ಹೊರಗೆ ಕರೆದೊಯ್ದು, ಕಂಬಕ್ಕೆ ಆತು ನಿಂತು ಎಲ್ಲವನ್ನೂ ಬಿಡಿಸಿ ಹೇಳಿದ. ಆಕೆ ಎರಡು ಸಲ ಹೇಳಿಸಿಕೊಂಡಳು.

"ಅದು ಅಳು, ಮಾಸ್ತರ. ಅಳು ಅಂತ ಅವರಿಗೆ ತಿಳೀಲಿಲ್ಲೇನು?"



ಸಾಹೇಬರು ಊಟಕ್ಕೆ ಹೊರಬಂದಾಗ ಆಕೆ ಅಡ್ಡ ನಿಂತಳು. "ನಾವು ಹೋಗ್ತೇವಿ ಅಂದಿಲ್ಲ್ರಿ. ಗಟಾರ ಅಷ್ಟ ತಿರಗಸ್ರಿ."

"ಎರಡೂವರಿ ಪುಟ ಬರದು ಹೆಬ್ಬಟ್ಟ ಒತ್ತೀರಿ. ಅದರಾಗ ಗಟಾರ ಒಂದಽ ಸಾಲು. ಉಳಿದದ್ದೆಲ್ಲಾ ಒಯ್ಯಿರಿ ಒಯ್ಯಿರಿ ಅಂತಽ ಐತಿ." ಸಾಹೇಬರ ದನಿಯಲ್ಲಿ ಸಿಟ್ಟಿರಲಿಲ್ಲ, ಸಣ್ಣ ಮಕ್ಕಳಿಗೆ ಹೇಳುವ ತಾಳ್ಮೆ ಇತ್ತು. "ಸದನದ ದಾಖಲೆಗೆ ಬಂತು. ಇನ್ನ ನನ್ನ ಕೈಯಾಗ ಇಲ್ಲ. ಕೇಳಿದ್ದು ಸಿಕ್ಕರೂ ಅಳ್ತೀರಲ್ಲ ತಂಗಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇವರ ಮಾತು ಹೋಗಲೂ ಇಲ್ಲ. ಕಾಗದದ ಮೇಲೆ ಕೂತು, ತಿರುಗಿ ಇವರನ್ನೇ ಕಚ್ಚಿತು.

ಹುಬ್ಬಳ್ಳಿಗೆ ಬಂದ ಮೇಲೆ ಎರಡನೆಯ ಅರ್ಜಿ ಹೋಯಿತು. ಈ ಸಲ ಐದೇ ಸಾಲು, ಒಣ ಮಾತು, ಒಂದು ನಿಟ್ಟುಸಿರೂ ಇಲ್ಲ. ಅದಕ್ಕೆ ಉತ್ತರ ಬರಲಿಲ್ಲ. ಉತ್ತರ ಬಂದದ್ದು ಅರ್ಜುನಪ್ಪನಿಗೆ: ದೂರದ ಒಂದು ತಾಲೂಕಿನ ಹಳ್ಳಿಗೆ ವರ್ಗ. ಎಂಟು ದಿನದಲ್ಲಿ ಹಾಜರಾಗಬೇಕು. ಆತ ಪುಸ್ತಕದ ಟ್ರಂಕು ಹೊತ್ತು ಹೋದ. ಅರವತ್ತರ ಮಾರ್ಚಿನಲ್ಲಿ ಚಕ್ಕಡಿಗಳೂ ಪೋಲೀಸರೂ ಕೂಡಿಯೇ ಬಂದರು. ಹೆಂಗಸರು ಬಾಗಿಲಲ್ಲಿ ಅಡ್ಡ ಮಲಗಿ ಅತ್ತರು. ಬಂದ ಅಧಿಕಾರಿ ಕೈಯಲ್ಲಿ ಅರ್ಜಿಯ ನಕಲು ಹಿಡಿದಿದ್ದ. ಅತ್ತವರಿಗೆಲ್ಲ ಅದರಲ್ಲಿದ್ದ ಅವರವರ ಹೆಬ್ಬೆಟ್ಟು ತೋರಿಸುತ್ತ ಮುಂದಿನ ಮನೆಗೆ ಹೋದ. ಸಂಜೆಯ ಹೊತ್ತಿಗೆ ಕೇರಿ ನೆಲಸಮವಾಯಿತು.

ಸತ್ತೂರಿನ ದಾರಿಯಲ್ಲಿ ಒಂದು ಮೊರಡಿ, ಬರಿ ಕಲ್ಲು ಮತ್ತು ಜಾಲಿ. ಅಲ್ಲಿ ಅರವತ್ತಮೂರು ತಗಡಿನ ಗುಡಿಸಲು. ದಲಾಲಿ ಅಂಗಡಿಗಳಿಗೆ ಆರು ಮೈಲು ನಡೆಯಬೇಕು, ಹೊತ್ತು ಮೀರಿ ಮುಟ್ಟಿದವರಿಗೆ ಕೂಲಿ ಇಲ್ಲ. ಕೆಟ್ಟದ್ದಾದರೂ ಅಲ್ಲಿ ಬಾವಿ ಇತ್ತು, ಇಲ್ಲಿ ಅದೂ ಇಲ್ಲ. ಎರಡು ದಿನಕ್ಕೊಮ್ಮೆ ನೀರಿನ ಗಾಡಿ ಬರುತ್ತದೆ ಎಂದರು. ಬಂದರೆ ಬಂತು. ಬಾರದ ದಿನ ಹಳ್ಳದಲ್ಲಿ ಎಮ್ಮೆ ಮಲಗಿ ಎದ್ದ ಗುಂಡಿಯಿಂದ ತಂದರು. ಬಣ್ಣದ ನೀರು ಒಂದು ಮಳೆಗಾಲದಲ್ಲಿ ನಾಲ್ಕು ಮಕ್ಕಳನ್ನು ಒಯ್ದಿತ್ತು. ಮೊರಡಿಯ ಮೊದಲ ಬೇಸಿಗೆ ಒಂಬತ್ತು ಜನರನ್ನು ಒಯ್ಯಿತು. ಅದರಲ್ಲಿ ಫಕೀರವ್ವನ ಉಳಿದ ಒಂದೇ ಕೂಸೂ ಸೇರಿತ್ತು.

ಇತ್ತ ಕೇರಿ ಇದ್ದ ಜಾಗವನ್ನು ಸಾಹುಕಾರ ನೂಲು ಒಣಹಾಕುವ ಅಂಗಳಕ್ಕೆಂದು ಲೀಜಿಗೆ ಹಿಡಿದ. ಗಟಾರದ ನೀರು ಒಣಹಾಕಿದ ನೂಲಿಗೆ ಸಿಡಿದು ಕಲೆಯಾಗುತ್ತದೆ ಎಂದು, ಅದನ್ನು ಇನ್ನೂರು ಮಾರು ಪಡುವಣಕ್ಕೆ ತಿರುಗಿಸಿ ಹಳ್ಳಕ್ಕೆ ಬಿಟ್ಟ. ನಾಲ್ಕು ಆಳು, ಒಂದು ವಾರದ ಕೆಲಸ. ಕಾಳು ಹಸನು ಮಾಡಲು ಹೋದ ಉಡಚವ್ವ ಇದನ್ನು ಕಣ್ಣಾರೆ ಕಂಡು ಬಂದಳು. ಯಾರಿಗೂ ಹೇಳಲಿಲ್ಲ. ಹೇಳದಿದ್ದರೂ ಎಲ್ಲರೂ ಕಂಡಿದ್ದರು.

ಸಿಟ್ಟು ಬಂದಾಗ ಮನುಷ್ಯನಿಗೆ ಕೈಗೆಟಕುವ ಮುಖ ಬೇಕು. ಸಾಹುಕಾರನ ಮುಖ ದೂರ, ಸಾಹೇಬರದು ಇನ್ನೂ ದೂರ, ಮಂತ್ರಿಯದನ್ನು ಉಡಚವ್ವನ ಹೊರತು ಕಂಡವರೇ ಇಲ್ಲ. ಉಡಚವ್ವನ ಮುಖ ಮೂರನೆಯ ಗುಡಿಸಲಿನಲ್ಲಿತ್ತು. ಆಕೆ ಧಾರವಾಡದಲ್ಲಿ ಸಾಹೇಬರ ಮನೆಯಲ್ಲಿ ಉಂಡು ಬರುತ್ತಿದ್ದಳು ಎಂದ ದುರಗಪ್ಪ. ಬೆಂಗಳೂರಿನಲ್ಲಿ ಸಭೆ ನಕ್ಕಾಗ ಆಕೆಯೂ ನಕ್ಕಳಂತೆ ಎಂದ ಇನ್ನೊಬ್ಬ. ಅದು ಖರೆಯೇ ಆದ್ದರಿಂದ ಆಕೆಗೆ ಅಲ್ಲ ಎನ್ನಲು ಬರಲಿಲ್ಲ. ಅರ್ಧ ಮೊರಡಿ ಆಕೆಯ ಮೇಲೆ ಮುರಕೊಂಡು ಬಿದ್ದಿತು. ಉಳಿದರ್ಧ ಸುಮ್ಮನಿದ್ದದ್ದು ಫಕೀರವ್ವನಿಂದ. ಇಬ್ಬರು ಮಕ್ಕಳನ್ನು ಮಣ್ಣಿಗೆ ಕೊಟ್ಟವಳ ಎದುರು ಯಾರೂ ಬಾಯಿ ತೆರೆಯುತ್ತಿರಲಿಲ್ಲ.

"ಅತ್ತಿಗೆ ಹೇಳು ಅಂದಾಕಿ ನಾನು. ಹೆಬ್ಬಟ್ಟ ನೀವೆಲ್ಲಾ ಒತ್ತೀರಿ. ಬೈಯೂದಿದ್ರ ಮೊದಲ ನನಗ ಬೈರಿ" ಎನ್ನುತ್ತಿದ್ದಳು. ಗಾಡಿ ಬಂದಾಗ ಉಡಚವ್ವನ ಕೊಡವನ್ನೂ ತಾನೇ ಸಾಲಿನಲ್ಲಿ ಇಟ್ಟು ತುಂಬಿಸಿ ತರುತ್ತಿದ್ದಳು. ಉಡಚವ್ವ ಆ ಎರಡು ವರ್ಷ ಬದುಕಿದ್ದು ಫಕೀರವ್ವನ ಆ ಮಾತಿನ ಆಸರೆಯಲ್ಲಿ.

ಅರವತ್ತೆರಡರ ಚುನಾವಣೆ ಹತ್ತಿರ ಬಂತು. ಎದುರಾಳಿಗಳು ಹುಬ್ಬಳ್ಳಿಯ ಓಣಿ ಓಣಿಯಲ್ಲಿ ಮೊರಡಿಯ ಕತೆ ಹೇಳತೊಡಗಿದರು. ಕೇರಿಯ ದುಃಖ ಅವರಿಗೂ ಬೇಕಾಗಿರಲಿಲ್ಲ, ಕತೆ ಬೇಕಾಗಿತ್ತು. ಆಗ ಕಮರುದ್ದೀನ ಒಂದು ಮಧ್ಯಾಹ್ನ ಬಿಸಿಲಿನಲ್ಲಿ ನಡೆದು ಬಂದು ಉಡಚವ್ವನ ಗುಡಿಸಲ ಮುಂದೆ ನಿಂತ. ತಲೆ ಎತ್ತದೆ ಮಾತಾಡಿದ.

"ಬಾವಿ ಮಂಜೂರ ಆಗೇತಿ, ಉಡಚವ್ವ. ಕಾಗದ ನಾನಽ ನೋಡೇನಿ. ಆದರ ಸಾಹೇಬರು ಸಹಿ ಮಾಡೂದು ಸಭಾ ಆದ ಮ್ಯಾಲ. ಮುಂದಿನ ಐತವಾರ ಇಲ್ಲೇ ಸಭಾ ಐತಿ. ನೀ ಎದ್ದ ನಿಂತು, ನಮ್ಮನ್ನ ಯಾರೂ ಎಬ್ಬಿಸಿಲ್ಲ, ನಾವಽ ಕೇಳಿ ಬಂದೇವಿ ಅನ್ನಬೇಕು. ಇಷ್ಟಽ."

"ಅನ್ನದಿದ್ರ?"

"ಕಾಗದ ಬೇರೆ ಊರಿಗೆ ಹೋಗತೈತಿ." ಆಮೇಲೆ ಸೇರಿಸಿದ, "ಈ ಮಾತು ಹೊರಗ ಬಿತ್ತಂದ್ರನೂ ಹೋಗತೈತಿ."

ಕೇಳಲು ಮಾಸ್ತರ ಇರಲಿಲ್ಲ. ಹೊರಗೆ ಎರಡು ದಿನದಿಂದ ಬಾರದ ಗಾಡಿಗೆ ಹೆಂಗಸರು ಕಾಯುತ್ತಿದ್ದರು, ಫಕೀರವ್ವನೂ ಅವರಲ್ಲಿದ್ದಳು. ಆಕೆಯ ಹೊಟ್ಟೆಯಲ್ಲಿ ಮತ್ತೆ ಐದು ತಿಂಗಳು. ಕೊನೆಗೆ ಉಡಚವ್ವ ಕೇಳಿದ್ದು ಒಂದೇ ಮಾತು.

"ಸಭಾ ಆದ ಎಷ್ಟು ದಿನಕ್ಕ ತೋಡಾಕ ಚಾಲೂ ಮಾಡ್ತಾರ?"

"ಮರುದಿನ" ಎಂದ ಕಮರುದ್ದೀನ.

ಐತವಾರ ಶಾಮಿಯಾನಾ ಬಂತು, ಖುರ್ಚಿ ಬಂದವು, ಪೇಪರಿನವರು ಬಂದರು. ಆ ದಿನ ನೀರಿನ ಗಾಡಿಯೂ ಎರಡು ಬಂದವು. ಸಾಹೇಬರು ಭಾಷಣದ ನಡುವೆ ಬೆರಳು ತೋರಿಸಿ ಕರೆದರು. ಉಡಚವ್ವ ಎದ್ದಳು. ಮುಂದಿನ ಸಾಲಿನಲ್ಲೇ ನೆಲದ ಮೇಲೆ ಫಕೀರವ್ವ ಕೂತಿದ್ದಳು, ಪಕ್ಕದಲ್ಲಿ ದುರಗಪ್ಪ. ಉಡಚವ್ವ ಅವರ ಮುಖ ನೋಡಿದಳು. ಇವರೆಲ್ಲ ಬೇಡಿ ಬಂದರು ಎಂದು ಹೇಳಲು ಆಕೆಗೆ ನಾಲಿಗೆ ಏಳಲಿಲ್ಲ. ಈ ಸುಳ್ಳಿನಲ್ಲಿ ಅವರ ಪಾಲು ಯಾಕೆ ಎಂದುಕೊಂಡು, ಎಲ್ಲವನ್ನೂ ತನ್ನ ತಲೆಯ ಮೇಲೆ ಎಳೆದುಕೊಂಡಳು.

"ನಮ್ಮನ್ನ ಯಾರೂ ಎಬ್ಬಿಸಿಲ್ಲ್ರಿ. ನಾನಽ ಕೇಳಿದ್ದೆ. ಇವರಿಗೆ ಓದಾಕ ಬರೂದಿಲ್ಲ. ನಾನಽ ಹೇಳಿ ಬರಸಿ, ಇವರ ಹೆಬ್ಬಟ್ಟ ಒತ್ತಿಸಿದ್ದೆ. ಸಾಹೇಬರು ದೊಡ್ಡವರು, ಕೇಳಿದ್ದು ಕೊಟ್ಟರು."

ಸಾಹೇಬರು ಚಪ್ಪಾಳೆ ತಟ್ಟಿದರು, ಖುರ್ಚಿಯ ಮೇಲಿದ್ದವರೆಲ್ಲ ತಟ್ಟಿದರು. ಪೇಪರಿನವರು ಬರೆದುಕೊಂಡರು. ನೆಲದ ಮೇಲಿದ್ದವರು ಅಲುಗಾಡಲಿಲ್ಲ. ಫಕೀರವ್ವ ಎದ್ದು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಸಭೆಯಿಂದ ನಡೆದುಹೋದಳು. ಉಡಚವ್ವ ಸಂಜೆ ಆಕೆಯ ಬಾಗಿಲಿಗೆ ಹೋದಾಗ ಬಿದಿರಿನ ತಟ್ಟಿ ಮುಚ್ಚಿತ್ತು. ಒಳಗೆ ದೀಪ ಕಾಣುತ್ತಿತ್ತು.

ಕಮರುದ್ದೀನ ಸುಳ್ಳು ಹೇಳಿರಲಿಲ್ಲ. ಮರುದಿನವೇ ಒಡ್ಡರು ಹಾರೆ ಗುದ್ದಲಿ ಹಿಡಿದು ಬಂದರು. ಸಾಹೇಬರು ಗೆದ್ದರು. ಎಪ್ರಿಲಿನಲ್ಲಿ ನಲವತ್ತೆರಡು ಅಡಿಗೆ ಕಲ್ಲಿನ ಸಂದಿಯಿಂದ ನೀರು ಚಿಮ್ಮಿತು. ಛಲೋ ನೀರು, ಸಿಹಿ ನೀರು. ಹೆಂಗಸರು ಅರಿಸಿನ ಕುಂಕುಮ ಹಾಕಿ ಗಂಗವ್ವನ ಪೂಜೆ ಮಾಡಿದರು. ಉಡಚವ್ವನನ್ನು ಯಾರೂ ಕರೆಯಲಿಲ್ಲ. ಪೂಜೆ ಮುಗಿದ ಮೇಲೆ ಆಕೆ ತಾನೇ ಕೊಡ ಹಿಡಿದು ಬಂದಳು. ಕಟ್ಟೆಯ ಮೇಲೆ ಕಾಲಿಡುವುದರೊಳಗೆ ಫಕೀರವ್ವ ಹಗ್ಗವನ್ನು ಕೈಗೆ ತೆಗೆದುಕೊಂಡಳು.

"ಅಲ್ಲೇ ನಿಲ್ಲು. ಕಟ್ಟಿ ಹತ್ತಬ್ಯಾಡ. ಕೊಡಾ ಕೆಳಗ ಇಡು, ಹಾಕತೇನಿ."

ಊರವರು ಕೇರಿಯವರಿಗೆ ನೀರು ಹಾಕುತ್ತಿದ್ದ ರೀತಿ ಅದು. ಕೊಡಕ್ಕೆ ಕೊಡ ತಾಗದಂತೆ, ಮೇಲಿನಿಂದ. ಅದನ್ನು ತಾಳಲಾರದೆಯೇ ಮುತ್ತಜ್ಜಂದಿರು ಸ್ವಂತ ಬಾವಿ ತೋಡಿಕೊಂಡದ್ದು. ಫಕೀರವ್ವನಿಗೆ ಅದನ್ನು ಯಾರೂ ಕಲಿಸಿರಲಿಲ್ಲ, ಕೈಗೆ ತಾನೇ ಬಂತು. ಉಡಚವ್ವ ಕೊಡ ಕೆಳಗಿಟ್ಟು ಹಿಂದೆ ಸರಿದು ನಿಂತಳು. ನೀರು ಅರ್ಧ ಕೊಡಕ್ಕೆ, ಅರ್ಧ ನೆಲಕ್ಕೆ ಬಿತ್ತು. ಅಂದಿನಿಂದ ದಿನಾ ಹಾಗೆಯೇ. ಕಮರುದ್ದೀನ ಹೇಳಿದ್ದು ನೆನಪಿದ್ದ ಉಡಚವ್ವ, ಬಾವಿ ಬಂದ ಮೇಲೂ ಆ ಮಾತನ್ನು ಹೊರಗೆ ಹಾಕಲಿಲ್ಲ. ಫಕೀರವ್ವನಿಗೆ ಗಂಡು ಕೂಸು ಹುಟ್ಟಿತು, ಬದುಕಿತು, ಆ ನೀರು ಕುಡಿದು ಗಟ್ಟಿಯಾಗಿ ಬೆಳೆಯಿತು. ಉಡಚವ್ವ ಅದನ್ನು ದೂರದಿಂದ ನೋಡಿದಳು.

ಅರವತ್ತೇಳರಲ್ಲಿ ಅರ್ಜುನಪ್ಪ ಮಾಸ್ತರ ರಜೆಗೆ ಬಂದ. ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಕಮರುದ್ದೀನ ಸಿಕ್ಕಿದ್ದನಂತೆ. ಸಾಹೇಬರು ಆ ವರ್ಷ ಸೋತಿದ್ದರು, ಆತನ ನೌಕರಿ ಹೋಗಿತ್ತು, ಬಾಯಿಯ ಬೀಗ ಬಿಚ್ಚಿತ್ತು. ಎಲ್ಲವನ್ನೂ ಹೇಳಿದ್ದ. ಅರ್ಜುನಪ್ಪ ಉಡಚವ್ವನನ್ನು ಕೇಳಲೂ ಇಲ್ಲ. ನೇರವಾಗಿ ಬಾವಿಕಟ್ಟೆಗೆ ಹೋಗಿ ಹತ್ತು ಜನರನ್ನು ಕೂರಿಸಿ ಬಿಡಿಸಿ ಹೇಳಿದ: ಈ ಬಾವಿ ಬಂದದ್ದು ಆಕೆ ಸುಳ್ಳು ಹೇಳಿದ್ದಕ್ಕೆ, ನಿಮಗಾಗಿ ಹೇಳಿದ್ದಕ್ಕೆ. ಉಡಚವ್ವ ಕೊಡ ಹಿಡಿದು ದೂರ ನಿಂತಿದ್ದಳು. ಐದು ವರ್ಷದಲ್ಲಿ ಮೊದಲ ಸಲ ಕಟ್ಟೆಯ ಕಡೆ ಎರಡು ಹೆಜ್ಜೆ ಮುಂದೆ ಬಂದಳು.

ದುರಗಪ್ಪ ಬೀಡಿ ಆರಿಸಿ ಕೇಳಿದ.

"ಅಂದ್ರ ಸಾಹೇಬರ ಮನಶ್ಯಾ ಆಕಿ ಗುಡಸಲಿಗೆ ಬಂದಿದ್ದು ಖರೇ?"

"ಖರೇ" ಎಂದ ಅರ್ಜುನಪ್ಪ.

"ಆಕಿ ಅವರ ಕೂಡ ಮಾತಾಡಿ ಪಕ್ಕಾ ಮಾಡಕೊಂಡಿದ್ದೂ ಖರೇ?"

"ಖರೇ, ಆದರ..."

"ಮುಗೀತಲ್ಲ. ನಾವು ಆಗಿಂದ ಇದನ್ನಽ ಅನ್ನಾಕತ್ತೇವಿ" ಎಂದು ದುರಗಪ್ಪ ಎದ್ದ. ಅವನ ಹಿಂದೆ ಉಳಿದವರೂ ಎದ್ದರು.

ಅರ್ಜುನಪ್ಪ ಫ‌ಕೀರವ್ವನ ಕಡೆ ನೋಡಿದ. ಆಕೆ ಹಗ್ಗ ಹಿಡಿದು ಬಾವಿಯೊಳಗೆ ನೋಡುತ್ತಿದ್ದಳು.

"ನನಗೊಬ್ಬಾಕಿಗರೆ ಹೇಳಬೇಕಿತ್ತು, ಮಾಸ್ತರ" ಎಂದಳು. "ಎರಡು ವರ್ಷ ಇಡೀ ಮೊರಡಿ ಕೂಡ ಜಗಳಾಡೇನಿ ನಾನು. ನನ್ನ ಮ್ಯಾಲೂ ನಂಬಿಗಿ ಇರಲಿಲ್ಲ ಆಕಿಗೆ."

ಉಡಚವ್ವ ಕೊಡವನ್ನು ಎಂದಿನ ಜಾಗದಲ್ಲಿ ನೆಲಕ್ಕಿಟ್ಟು ಹಿಂದೆ ಸರಿದಳು. ಫಕೀರವ್ವ ಒಂದು ಕೊಡ ಸೇದಿ ಮೇಲಿನಿಂದ ಸುರುವಿದಳು. ಎರಡನೆಯದನ್ನು ಸೇದಲಿಲ್ಲ. ಹಗ್ಗ ಸುತ್ತಿ ಗೂಟಕ್ಕೆ ಹಾಕಿ ಮಗನನ್ನು ಕರೆದುಕೊಂಡು ಮನೆಗೆ ಹೋದಳು. ಅರ್ಧ ತುಂಬಿದ ಕೊಡವನ್ನು ಸೊಂಟಕ್ಕೇರಿಸಿಕೊಂಡು ಉಡಚವ್ವ ತನ್ನ ಗುಡಿಸಲ ಕಡೆ ನಡೆದಳು.